ಸಿ.ವಿ. ರಾಮನ್: ಸೂಳೆಕೆರೆಯ ನೀಲಿಯಿಂದ ಲೇಸರ್ ಮಾಡುವ ಗುಂಡುಗಳವರೆಗೆ

ಫೆಬ್ರುವರಿ 28 ಬಂತೆಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎನ್ನದೆ ಎಲ್ಲ ತಾಲ್ಲೂಕುಗಳ ಶಾಲೆಗಳಲ್ಲೂ ರಾಷ್ಟ್ರೀಯ ವಿಜ್ಞಾನ ದಿನ. ಪೇಟ ಸುತ್ತಿದ ಸರ್ ಸಿ.ವಿ. ರಾಮನ್ ಅವರ ಫೋಟೋಗೆ ಹಾರ, ಮಕ್ಕಳ ಭಾಷಣ, ಥರ್ಮಾಕೋಲಿನ ಮಾದರಿಗಳ ಪ್ರದರ್ಶನ. ಆ ದಿನದ ಭಾಷಣಗಳಲ್ಲಿ ಮೂರು ಮಾತು ಮತ್ತೆ ಮತ್ತೆ ಕೇಳಿಬರುತ್ತವೆ. ಒಂದು, ಇವತ್ತು ರಾಮನ್ ಹುಟ್ಟಿದ ದಿನ. ಎರಡು, ಸಮುದ್ರ ಏಕೆ ನೀಲಿ ಎಂದು ಕಂಡುಹಿಡಿದದ್ದಕ್ಕೆ ಅವರಿಗೆ ನೊಬೆಲ್ ಬಂತು. ಮೂರು, ರಾಮನ್ ಪರಿಣಾಮ ಎಂಬುದು ಹಳೆಯ ಕಾಲದ ಸಂಗತಿ, ಪರೀಕ್ಷೆಗೆ ಓದಿ ಬರೆದರೆ ಮುಗಿಯಿತು.

ಈ ಮೂರೂ ತಪ್ಪು. ಅವನ್ನು ಒಂದೊಂದಾಗಿ ಸರಿಪಡಿಸುತ್ತಾ ಹೋದರೆ ರಾಮನ್ ಅವರ ಬದುಕೂ ಅರ್ಥವಾಗುತ್ತದೆ, ಈಗ ಪ್ರಯೋಗಾಲಯಗಳಲ್ಲಿ ಲೇಸರ್ ಬಳಸಿ ತಯಾರಿಸುವ ಲೋಹದ ಆಕ್ಸೈಡ್‌ಗಳ ಅತಿ ಸಣ್ಣ ಗುಂಡುಗಳ ವಿಷಯವೂ ಅರ್ಥವಾಗುತ್ತದೆ. ಎರಡಕ್ಕೂ ಏನು ಸಂಬಂಧ ಎನ್ನುತ್ತೀರಾ? ಸಂಬಂಧ ಇದೆ. ಅದು ವಿಜಯಪುರದ ಗೋಳಗುಮ್ಮಟದ ಮೂಲಕ ಹಾದು ಬರುತ್ತದೆ.

ಹುಟ್ಟಿದ್ದು ಫೆಬ್ರುವರಿಯಲ್ಲಿ ಅಲ್ಲ

ಚಂದ್ರಶೇಖರ ವೆಂಕಟ ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ. ಎಂಟು ಮಕ್ಕಳಲ್ಲಿ ಎರಡನೆಯವರು. ತಂದೆ ಚಂದ್ರಶೇಖರ ಅಯ್ಯರ್ ಗಣಿತ ಮತ್ತು ಭೌತವಿಜ್ಞಾನದ ಮೇಷ್ಟ್ರು. ಮುಂದೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಕೆಲಸ ಸಿಕ್ಕಿ ಸಂಸಾರ ಅಲ್ಲಿಗೆ ಹೋಯಿತು. ಮನೆಯಲ್ಲಿ ಹಣ ಹೆಚ್ಚಿರಲಿಲ್ಲ, ಪುಸ್ತಕಗಳಿದ್ದವು, ಪಿಟೀಲಿತ್ತು.

ಹನ್ನೊಂದನೆಯ ವಯಸ್ಸಿಗೇ ಮೆಟ್ರಿಕ್ ಮುಗಿಸಿದ ಹುಡುಗ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿ 1904ರಲ್ಲಿ ಚಿನ್ನದ ಪದಕದೊಂದಿಗೆ ಬಿ.ಎ. ಮುಗಿಸಿದ. ಬುದ್ಧಿವಂತ ಹುಡುಗರನ್ನು ಇಂಗ್ಲೆಂಡಿಗೆ ಕಳಿಸುವುದು ಆಗಿನ ರೂಢಿ. ಆದರೆ ಪರೀಕ್ಷಿಸಿದ ವೈದ್ಯರು ಈ ಸಣಕಲು ದೇಹ ಅಲ್ಲಿನ ಚಳಿ ತಾಳುವುದಿಲ್ಲ ಎಂದು ಬೇಡವೆಂದುಬಿಟ್ಟರು. ಹೀಗಾಗಿ ರಾಮನ್ ಅವರ ಕಲಿಕೆಯೆಲ್ಲ ಇಲ್ಲೇ ಆಯಿತು. 1906ರಲ್ಲಿ, ಹದಿನೆಂಟು ತುಂಬುವ ಹೊತ್ತಿಗೆ, ಬೆಳಕಿನ ಬಾಗುವಿಕೆಯ ಬಗ್ಗೆ ಅವರು ಬರೆದ ಮೊದಲ ಲೇಖನ ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನ್‌ನಲ್ಲಿ ಪ್ರಕಟವಾಯಿತು.

ಹಾಗಾದರೆ ಫೆಬ್ರುವರಿ 28 ಏನು? ಅದು ಹುಟ್ಟಿದ ದಿನವಲ್ಲ, ಕಂಡ ದಿನ. 1928ರಲ್ಲಿ ರಾಮನ್ ಪರಿಣಾಮ ಖಚಿತವಾದ ದಿನ. ಮೊದಲ ತಪ್ಪು ಇಲ್ಲಿಗೆ ಮುಗಿಯಿತು.

ಆಫೀಸಿಗೆ ಮೊದಲು, ಆಫೀಸಿನ ನಂತರ

ವಿಜ್ಞಾನವನ್ನೇ ನಂಬಿ ಬದುಕುವ ದಾರಿ ಆಗ ಭಾರತೀಯರಿಗೆ ಹೆಚ್ಚುಕಡಿಮೆ ಇರಲೇ ಇಲ್ಲ. 1907ರಲ್ಲಿ ಎಂ.ಎ. ಮುಗಿಸಿ, ಹಣಕಾಸು ಇಲಾಖೆಯ ಪರೀಕ್ಷೆ ಪಾಸಾಗಿ, ಲೋಕಸುಂದರಿಯವರನ್ನು ಮದುವೆಯಾಗಿ, ಹತ್ತೊಂಬತ್ತು ತುಂಬುವ ಮೊದಲೇ ರಾಮನ್ ಕಲ್ಕತ್ತಾದಲ್ಲಿ ಲೆಕ್ಕಪತ್ರ ಇಲಾಖೆಯ ಅಧಿಕಾರಿಯಾದರು. ಕೈತುಂಬ ಸಂಬಳ, ದೊಡ್ಡ ಹುದ್ದೆ. ಬೇರೆಯವರಾಗಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು.

ಟ್ರಾಮಿನಲ್ಲಿ ಓಡಾಡುವಾಗ ಬೌಬಜಾರ್ ಬೀದಿಯಲ್ಲಿ ಅವರ ಕಣ್ಣಿಗೆ ಒಂದು ಫಲಕ ಬಿತ್ತು. ಅದು ಡಾ. ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದ್ದ ಇಂಡಿಯನ್ ಅಸೋಸಿಯೇಶನ್ ಫಾರ್ ದಿ ಕಲ್ಟಿವೇಶನ್ ಆಫ್ ಸೈನ್ಸ್. ಭಾರತೀಯರೇ ಸಂಶೋಧನೆ ಮಾಡಲಿ ಎಂದು ಕಟ್ಟಿದ ಸಂಸ್ಥೆ. ಮಾಡುವವರೇ ಇಲ್ಲದೆ ಉಪಕರಣಗಳು ದೂಳು ಹಿಡಿದಿದ್ದವು. ಬಾಗಿಲು ತೆರೆದ ಅಶುತೋಷ್ ಡೇ ಎಂಬ ಸಹಾಯಕರು ಮುಂದೆ ಎಷ್ಟೋ ವರ್ಷ ರಾಮನ್ ಅವರ ಬಲಗೈ ಆದರು. ಬೆಳಗಿನ ಜಾವ ಪ್ರಯೋಗ, ಹಗಲು ಆಫೀಸು, ಸಂಜೆಯಿಂದ ರಾತ್ರಿಯವರೆಗೆ ಮತ್ತೆ ಪ್ರಯೋಗ. ನಡುವೆ ರಂಗೂನ್, ನಾಗಪುರಗಳಿಗೆ ವರ್ಗವಾದದ್ದು ಬಿಟ್ಟರೆ ಹತ್ತು ವರ್ಷ ಹೀಗೇ ನಡೆಯಿತು.

1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಪಾಲಿತ್ ಪ್ರಾಧ್ಯಾಪಕ ಹುದ್ದೆಗೆ ಕರೆಯಿತು. ಒಪ್ಪಿದರೆ ಸಂಬಳ ಸುಮಾರು ಅರ್ಧಕ್ಕೆ ಇಳಿಯುತ್ತಿತ್ತು. ರಾಮನ್ ಒಪ್ಪಿದರು. ಸರ್ಕಾರಿ ಕೆಲಸ ಸಿಕ್ಕರೆ ಬದುಕು ದಡ ಸೇರಿತು ಎಂದು ನಂಬುವ ನಮ್ಮ ಊರುಗಳಲ್ಲಿ ಈ ಒಂದು ನಿರ್ಧಾರವನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು. ಗಮನಿಸಿ, ಅವರು ಆವೇಶದಲ್ಲಿ ಕೆಲಸ ಬಿಡಲಿಲ್ಲ. ಹತ್ತು ವರ್ಷ ಎರಡೂ ದಡ ಹಿಡಿದು ಈಜಿ, ತಮ್ಮ ಕೈಯಲ್ಲಿ ಏನಾಗುತ್ತದೆ ಎಂದು ತಿಳಿದ ಮೇಲೆ ಬಿಟ್ಟರು.

ಮೃದಂಗದ ಕರಣೆ, ಗುಮ್ಮಟದ ಗೋಡೆ

ಆ ದಿನಗಳಲ್ಲಿ ರಾಮನ್ ಅವರ ಆಸಕ್ತಿ ಬೆಳಕಿಗಿಂತ ಹೆಚ್ಚಾಗಿ ನಾದದ ಕಡೆಗಿತ್ತು. ಪಿಟೀಲು, ವೀಣೆ, ತಂಬೂರಿ, ಮೃದಂಗ, ತಬಲಾಗಳನ್ನೆಲ್ಲ ಅವರು ಪ್ರಯೋಗಾಲಯಕ್ಕೆ ತಂದರು. ಸಾಮಾನ್ಯ ಡೋಲು ಬಡಿದರೆ ಸದ್ದು ಬರುತ್ತದೆ, ಸ್ವರ ಬರುವುದಿಲ್ಲ. ಮೃದಂಗದಲ್ಲಿ ಸ್ವರ ಬರುತ್ತದೆ. ಕಾರಣ ಬಲಭಾಗದ ಚರ್ಮದ ನಡುವೆ ಕಪ್ಪಗೆ ದುಂಡಗೆ ಮೆತ್ತಿರುವ ಕರಣೆ. ಕಬ್ಬಿಣದ ಅಂಶವಿರುವ ಕಿಟ್ಟದ ಕಲ್ಲಿನ ಪುಡಿಯನ್ನು ಅನ್ನದ ಜೊತೆ ಅರೆದು ಪದರ ಪದರವಾಗಿ ಹಚ್ಚುತ್ತಾರೆ. ಆ ತೂಕ ಸರಿಯಾದ ಜಾಗದಲ್ಲಿ ಕೂತಾಗ ಚರ್ಮದ ಕಂಪನಗಳು ತಂತಿವಾದ್ಯದ ಕಂಪನಗಳಂತೆ ಒಂದು, ಎರಡು, ಮೂರು ಎಂಬ ಲೆಕ್ಕಕ್ಕೆ ಹೊಂದಿಕೊಳ್ಳುತ್ತವೆ ಎಂದು ರಾಮನ್ 1920ರಲ್ಲಿ ತೋರಿಸಿದರು. ಓದು ಬಾರದ ಕುಶಲಕರ್ಮಿಗಳು ಕಿವಿಯಿಂದಲೇ ಬಿಡಿಸಿದ್ದ ಗಣಿತ ಅದು.

1921ರಲ್ಲಿ ಮೊದಲ ಬಾರಿಗೆ ಇಂಗ್ಲೆಂಡಿಗೆ ಹೋದಾಗ ಲಂಡನ್ನಿನ ಸಂತ ಪಾಲರ ಚರ್ಚಿನ ಗುಮ್ಮಟ ಅವರನ್ನು ಹಿಡಿದು ನಿಲ್ಲಿಸಿತು. ಅಲ್ಲಿನ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ದಡದಲ್ಲಿ ಕಿವಿಯಿಟ್ಟವರಿಗೆ ಕೇಳುತ್ತದೆ. ಸದ್ದು ಗೋಡೆಗೆ ಅಂಟಿಕೊಂಡು ಸುತ್ತುತ್ತದೆ ಎಂದು ಲಾರ್ಡ್ ರೇಲಿ ಮೊದಲೇ ವಿವರಿಸಿದ್ದರು. ರಾಮನ್ ಇನ್ನೊಂದು ಸಂಗತಿ ಗಮನಿಸಿದರು. ಗೋಡೆಯಿಂದ ಸ್ವಲ್ಪ ಸ್ವಲ್ಪ ಒಳಕ್ಕೆ ಸರಿದರೆ ಸದ್ದು ಒಂದೇ ಸಮನೆ ಕಡಿಮೆಯಾಗುವುದಿಲ್ಲ. ಜೋರು, ಮೆಲ್ಲಗೆ, ಮತ್ತೆ ಜೋರು ಎಂದು ಪಟ್ಟೆ ಪಟ್ಟೆಯಾಗಿ ಬದಲಾಗುತ್ತದೆ. ಊರಿಗೆ ಮರಳಿದ ಮೇಲೆ ನಮ್ಮ ದೇಶದ ಇಂಥ ಕಟ್ಟಡಗಳನ್ನೂ ಅಧ್ಯಯನ ಮಾಡಿದರು. ಸುಮಾರು 38 ಮೀಟರ್ ಒಳವ್ಯಾಸವಿರುವ ವಿಜಯಪುರದ ಗೋಳಗುಮ್ಮಟವೂ ಅದರಲ್ಲಿತ್ತು.

ಈ ಗುಮ್ಮಟವನ್ನು ನೆನಪಿಟ್ಟುಕೊಳ್ಳಿ. ನಾವು ಮತ್ತೆ ಇಲ್ಲಿಗೆ ಬರುತ್ತೇವೆ.

ಸಮುದ್ರ ಏಕೆ ನೀಲಿ? ಸೂಳೆಕೆರೆ ಏಕೆ ಒಮ್ಮೊಮ್ಮೆ ಕೆಂಪು?

ಅದೇ 1921ರಲ್ಲಿ ನಾರ್ಕುಂಡ ಎಂಬ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ಕಡುನೀಲಿ ರಾಮನ್ ಅವರನ್ನು ಕಾಡಿತು. ಸಮುದ್ರಕ್ಕೆ ಬಣ್ಣ ಬರುವುದು ಆಕಾಶದ ಪ್ರತಿಬಿಂಬದಿಂದ ಎಂದು ರೇಲಿ ಹೇಳಿದ್ದರು. ರಾಮನ್ ಜೇಬಿನಲ್ಲಿದ್ದ ನಿಕೋಲ್ ಪಟ್ಟಕವನ್ನು ಕಣ್ಣಿಗೆ ಹಿಡಿದು ಸರಿಯಾದ ಕೋನದಲ್ಲಿ ನೀರನ್ನು ನೋಡಿದರು. ಪ್ರತಿಫಲಿಸಿ ಬರುವ ಬೆಳಕನ್ನು ತಡೆಹಿಡಿಯುವ ಸಾಧನ ಅದು. ಪ್ರತಿಬಿಂಬ ಅಳಿಸಿಹೋಯಿತು, ನೀಲಿ ಉಳಿಯಿತು, ಇನ್ನಷ್ಟು ಗಾಢವಾಯಿತು. ಅಂದರೆ ನೀಲಿ ನೀರಿನ ಒಳಗಿನಿಂದಲೇ ಬರುತ್ತಿದೆ. ನೀರಿನ ಅಣುಗಳೇ ಬೆಳಕನ್ನು ಚದುರಿಸಿ ನೀಲಿ ಕೊಡುತ್ತವೆ, ನೀರು ಕೆಂಪನ್ನು ಹೀರುವುದು ಆ ನೀಲಿಯನ್ನು ಗಾಢಗೊಳಿಸುತ್ತದೆ ಅಷ್ಟೆ ಎಂದು ಅವರು ವಾದಿಸಿದರು.

ನಮ್ಮ ಪಠ್ಯಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ನಿಲ್ಲಬಾರದು. ಇಂದಿನ ಅಳತೆಗಳ ಪ್ರಕಾರ ಲೆಕ್ಕ ತಿರುವುಮುರುವು. ನೀರಿನ ಅಣುಗಳು ಕೆಂಪು ಬೆಳಕನ್ನು ಸ್ವಲ್ಪ ಸ್ವಲ್ಪವಾಗಿ ಹೀರುತ್ತವೆ. ಹಲವು ಮೀಟರ್ ಆಳ ದಾಟುವಷ್ಟರಲ್ಲಿ ಕೆಂಪು ಕಳೆದುಹೋಗಿ ನೀಲಿ ಉಳಿಯುತ್ತದೆ. ನೀಲಿಗೆ ಮುಖ್ಯ ಕಾರಣ ಇದು. ಉಳಿದ ಆ ನೀಲಿಯನ್ನು ನಮ್ಮ ಕಣ್ಣಿನ ಕಡೆಗೆ ತಿರುಗಿಸಿ ಕಳಿಸುವುದು ಚದುರುವಿಕೆ. ಪ್ರತಿಬಿಂಬವೊಂದೇ ಕಾರಣವಲ್ಲ ಎಂಬ ರಾಮನ್ ಅವರ ಮಾತು ಸರಿ, ಹೀರುವಿಕೆಗೆ ಕೊಟ್ಟ ಸ್ಥಾನ ಚಿಕ್ಕದಾಯಿತು.

ಶಾಂತಿಸಾಗರ ಎಂದೂ ಕರೆಯುವ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಏರಿಯ ಮೇಲೆ ನಿಂತು ಇದನ್ನು ಯೋಚಿಸಿ. ತಿಳಿಯಾದ ದಿನ ದೂರಕ್ಕೆ ಕಾಣುವ ನೀಲಿಯಲ್ಲಿ ಆಕಾಶದ ಪ್ರತಿಬಿಂಬದ ಪಾಲು ದೊಡ್ಡದು, ಏಕೆಂದರೆ ಕೆರೆ ಸಮುದ್ರದಷ್ಟು ಆಳವಲ್ಲ. ಪಾಚಿ ಬೆಳೆದಾಗ ಹಸಿರು. ಮಳೆಗಾಲದಲ್ಲಿ ಹೊಲಗಳ ಮಣ್ಣು ತೊಳೆದು ಬಂದಾಗ ಕೆಂಗಂದು. ಹೊನ್ನಾಳಿಯಲ್ಲಿ ತುಂಗಭದ್ರೆ ತುಂಬಿ ಹರಿಯುವಾಗಲೂ ಅದೇ ಬಣ್ಣ. ನಮ್ಮ ಕೆಂಪು ಮಣ್ಣಿಗೆ ಆ ಬಣ್ಣ ಕೊಡುವುದು ಕಬ್ಬಿಣದ ಆಕ್ಸೈಡ್. ನೀರೊಂದೇ ಆದರೂ ಅದರೊಳಗಿನ ಕಣ ಬದಲಾದರೆ ಬೆಳಕಿನ ಕಥೆ ಬದಲಾಗುತ್ತದೆ.

ಕೋಟಿಗೆ ಒಂದು

ಸಮುದ್ರದ ಪ್ರಶ್ನೆಯಿಂದ ಹೊರಟ ರಾಮನ್ ಮುಂದಿನ ಏಳು ವರ್ಷ ದ್ರವಗಳಲ್ಲಿ ಬೆಳಕು ಹೇಗೆ ಚದುರುತ್ತದೆ ಎಂಬುದರ ಬೆನ್ನು ಹತ್ತಿದರು. 1923ರಲ್ಲಿ ಅವರ ಶಿಷ್ಯ ಕೆ.ಆರ್. ರಾಮನಾಥನ್ ಒಂದು ವಿಚಿತ್ರ ಕಂಡರು. ಚದುರಿದ ಬೆಳಕಿನಲ್ಲಿ ಒಳಗೆ ಬಿಟ್ಟ ಬಣ್ಣವಲ್ಲದೆ ಬೇರೊಂದು ಬಣ್ಣದ ಮಂಕು ಜಾಡು. ದ್ರವದಲ್ಲಿ ಕಲ್ಮಶ ಇರಬೇಕೆಂದು ಎಷ್ಟು ಶುದ್ಧ ಮಾಡಿದರೂ ಅದು ಹೋಗಲಿಲ್ಲ.

1928ರ ಆರಂಭದಲ್ಲಿ ಕೆ.ಎಸ್. ಕೃಷ್ಣನ್ ಜೊತೆ ರಾಮನ್ ಅದನ್ನೇ ಹಿಡಿದು ಕೂತರು. ಮೊದಲು ಸೂರ್ಯನ ಬೆಳಕು ಮತ್ತು ಬಣ್ಣದ ಗಾಜಿನ ಶೋಧಕಗಳು, ಆಮೇಲೆ ಪಾದರಸದ ದೀಪ, ಒಂದು ಸಣ್ಣ ವರ್ಣದರ್ಶಕ. ಫೆಬ್ರುವರಿ 28ರಂದು ಸಂಶಯ ಉಳಿಯಲಿಲ್ಲ. ಅಣುವಿಗೆ ಬಡಿದ ಬೆಳಕು ತನ್ನ ಶಕ್ತಿಯಲ್ಲಿ ಸ್ವಲ್ಪವನ್ನು ಅಣುವಿನ ಕಂಪನಕ್ಕೆ ಕೊಟ್ಟು ಬಣ್ಣ ಬದಲಿಸಿಕೊಂಡು ಹೊರಬರುತ್ತದೆ; ಕೆಲವೊಮ್ಮೆ ಅಣುವಿನಿಂದ ಪಡೆದುಕೊಂಡೂ ಬರುತ್ತದೆ. ಇದು ಎಷ್ಟು ಅಪರೂಪ ಎಂದರೆ ಸುಮಾರು ಒಂದು ಕೋಟಿ ಬೆಳಕಿನ ಕಣಗಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಆದರೆ ಆ ಒಂದರ ಬದಲಾವಣೆ ಆಯಾ ವಸ್ತುವಿನ ಬೆರಳಚ್ಚು. ನೀರಿನದು ಬೇರೆ, ಬೆಂಜೀನಿನದು ಬೇರೆ.

ಆಗ ಮೈಸೂರು ಸಂಸ್ಥಾನದಲ್ಲಿದ್ದ ನಮಗೆ ಹೆಮ್ಮೆಯ ವಿಷಯವೊಂದಿದೆ. ಈ ಶೋಧದ ಪೂರ್ಣ ವಿವರವನ್ನು ರಾಮನ್ ಉಪನ್ಯಾಸವಾಗಿ ಮುಂದಿಟ್ಟದ್ದು ಬೆಂಗಳೂರಿನಲ್ಲಿ, 1928ರ ಮಾರ್ಚ್ 16ರಂದು. ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಕೂಡ ಅದೇ ಕಾಲದಲ್ಲಿ ಹರಳುಗಳಲ್ಲಿ ಇದೇ ಪರಿಣಾಮ ಕಂಡಿದ್ದರು. ಮೊದಲು ಪ್ರಕಟಿಸಿದವರು ಕಲ್ಕತ್ತಾದವರು. 1930ರಲ್ಲಿ ಭೌತವಿಜ್ಞಾನದ ನೊಬೆಲ್ ರಾಮನ್ ಅವರಿಗೆ ಬಂತು. ಅದು ಬೆಳಕಿನ ಚದುರುವಿಕೆಯ ಅಧ್ಯಯನಕ್ಕೆ ಮತ್ತು ಈ ಪರಿಣಾಮವನ್ನು ಕಂಡದ್ದಕ್ಕೆ ಸಂದದ್ದು, ಸಮುದ್ರದ ಬಣ್ಣ ಹೇಳಿದ್ದಕ್ಕಲ್ಲ. ಎರಡನೆಯ ತಪ್ಪೂ ಇಲ್ಲಿಗೆ ಮುಗಿಯಿತು.

ಬೆಂಗಳೂರಿನ ವರ್ಷಗಳು, ಸಿಹಿಯೂ ಕಹಿಯೂ

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ನಮ್ಮ ಜನ ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವುದು ಅದನ್ನೇ. ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿ ಕಟ್ಟಿದರು. ವಿಕ್ರಮ್ ಸಾರಾಭಾಯಿ, ಹೋಮಿ ಭಾಭಾರಂಥ ತರುಣರು ಅವರ ಭೌತವಿಜ್ಞಾನ ವಿಭಾಗದಲ್ಲಿದ್ದು ಬೆಳೆದರು.

ದೊಡ್ಡವರ ಜೀವನ ಹೇಳುವಾಗ ಹಾರ ಹಾಕಿ ಕೈಮುಗಿದು ಬಿಟ್ಟರೆ ಸಾಲದು. 1933ರಲ್ಲಿ ಕಮಲಾ ಭಾಗವತ್, ಮುಂದೆ ಕಮಲಾ ಸೊಹೋನಿ ಎಂದು ಹೆಸರಾದವರು, ಸಂಸ್ಥೆಗೆ ಅರ್ಜಿ ಹಾಕಿದಾಗ ಹೆಣ್ಣುಮಗಳು ಎಂಬ ಕಾರಣಕ್ಕೆ ರಾಮನ್ ನಿರಾಕರಿಸಿದರು. ಆಕೆ ಪಟ್ಟು ಬಿಡಲಿಲ್ಲ. ಒಂದು ವರ್ಷ ಪರೀಕ್ಷೆಗೆಂದು ಷರತ್ತಿನ ಮೇಲೆ ಸೇರಿಸಿಕೊಂಡರು. ಆಕೆಯ ಕೆಲಸ ನೋಡಿದ ಮೇಲೆ ಷರತ್ತು ಬಿತ್ತು, ಮುಂದೆ ಬೇರೆ ಹೆಣ್ಣುಮಕ್ಕಳಿಗೂ ದಾರಿಯಾಯಿತು. ಆದರೆ ಯಾವ ಹುಡುಗನಿಗೂ ಹಾಕದ ಷರತ್ತು ಆಕೆಗೆ ಬಿದ್ದಿತ್ತು. ಜಗಳೂರಿನ ಹುಡುಗಿಯೊಬ್ಬಳು ಇವತ್ತು ವಿಜ್ಞಾನ ದಿನದ ಭಾಷಣ ಮಾಡುವಾಗ ರಾಮನ್ ಜೊತೆಗೆ ಕಮಲಾ ಅವರ ಹೆಸರನ್ನೂ ಹೇಳಿದರೆ ಕಥೆ ಪೂರ್ತಿಯಾಗುತ್ತದೆ.

ರಾಮನ್ ಅವರ ಆಡಳಿತದ ವೇಗ ಮತ್ತು ಮುಂಗೋಪ ಸಂಸ್ಥೆಯೊಳಗೆ ವಿರೋಧ ಹುಟ್ಟಿಸಿತು. 1937ರಲ್ಲಿ ನಿರ್ದೇಶಕ ಸ್ಥಾನ ಬಿಡಬೇಕಾಯಿತು. ಪ್ರಾಧ್ಯಾಪಕರಾಗಿ 1948ರವರೆಗೆ ಉಳಿದರು. ತಾವೇ ಬೆಂಗಳೂರಿಗೆ ಕರೆಸಿಕೊಂಡಿದ್ದ ಮ್ಯಾಕ್ಸ್ ಬಾರ್ನ್ ಜೊತೆ ಹರಳುಗಳ ಕಂಪನದ ಬಗ್ಗೆ ವರ್ಷಗಟ್ಟಲೆ ವಾದಿಸಿದರು. ಕೊನೆಗೆ ವಿಜ್ಞಾನ ಲೋಕ ಒಪ್ಪಿದ್ದು ಬಾರ್ನ್ ಅವರ ಲೆಕ್ಕವನ್ನು. ಬೆಳಕಿನ ಅತಿ ಸೂಕ್ಷ್ಮ ಬದಲಾವಣೆಯನ್ನು ಕಂಡ ಕಣ್ಣು ಕೂಡ ತಪ್ಪಬಲ್ಲದು. ನೊಬೆಲ್ ಬಂದ ಮೇಲೆ ಆಡಿದ ಮಾತೆಲ್ಲ ಸತ್ಯ ಎಂಬುದು ಕೂಡ ಒಂದು ಮಿಥ್ಯೆ.

ಮೈಸೂರು ಸರ್ಕಾರ ಅಕಾಡೆಮಿಗೆ ಕೊಟ್ಟಿದ್ದ ಜಮೀನಿನಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಎದ್ದಿತು. 1948ರಿಂದ ಕೊನೆಯವರೆಗೂ ಅವರು ಅಲ್ಲೇ ಇದ್ದರು. ಸರ್ಕಾರದ ಹಣ ಬಂದರೆ ಸರ್ಕಾರದ ಹಿಡಿತವೂ ಬರುತ್ತದೆಂದು ದಾನಿಗಳನ್ನು ಹುಡುಕಿ ನಡೆಸಿದರು. ವಜ್ರ, ಕ್ಷೀರಸ್ಫಟಿಕ, ಚಿಪ್ಪು, ಚಿಟ್ಟೆಯ ರೆಕ್ಕೆ, ಹೂವಿನ ಬಣ್ಣ ಹೀಗೆ ಬೆಳಕು ಆಟವಾಡುವ ಎಲ್ಲವನ್ನೂ ಕೂಡಿಹಾಕಿದರು. 1954ರಲ್ಲಿ ಭಾರತರತ್ನ ಬಂತು. 1970ರ ನವೆಂಬರ್ 21ರ ಬೆಳಗಿನ ಜಾವ ತೀರಿಕೊಂಡರು. ಅವರ ಇಚ್ಛೆಯಂತೆ ಸಂಸ್ಥೆಯ ತೋಟದಲ್ಲೇ ದಹನ ನಡೆಯಿತು. ಅಲ್ಲಿ ಸಮಾಧಿ ಇಲ್ಲ, ಒಂದು ಮರ ಇದೆ.

ಬೆಳಕಿಗೊಂದು ಪುಟ್ಟ ಗೋಳಗುಮ್ಮಟ

ಈಗ ಮೂರನೆಯ ತಪ್ಪಿಗೆ ಬರೋಣ. ರಾಮನ್ ಪರಿಣಾಮ ಹಳೆಯದಾಯಿತೇ?

ಪಾದರಸದ ದೀಪದ ಕಾಲದಲ್ಲಿ ಕೋಟಿಗೆ ಒಂದರ ಆ ಮಂಕು ಗೆರೆಯನ್ನು ಫೋಟೋ ಫಲಕದ ಮೇಲೆ ಹಿಡಿಯಲು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕಾಯಬೇಕಿತ್ತು. 1960ರಲ್ಲಿ ಥಿಯೋಡೋರ್ ಮೈಮನ್ ಮೊದಲ ಲೇಸರ್ ಬೆಳಗಿಸಿದರು. ರಾಮನ್ ಅವರಿಗೆ ಆಗ 71. ಒಂದೇ ಬಣ್ಣದ, ಒತ್ತಾದ ಬೆಳಕು ಸಿಕ್ಕಿದ್ದೇ ತಡ, ಎರಡು ವರ್ಷದೊಳಗೆ ಅದನ್ನು ರಾಮನ್ ಗೆರೆಗಳನ್ನು ನೋಡಲು ಬಳಸಿದರು. ಈಗ ಅದೇ ಕೆಲಸ ಕೆಲವು ಸೆಕೆಂಡುಗಳದು.

ಲೇಸರ್ ಬರೀ ನೋಡುವುದಿಲ್ಲ, ಮಾಡುತ್ತದೆ ಕೂಡ. ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಪಾಲಿನಷ್ಟು ಹೊತ್ತು ಉರಿಯುವ ಲೇಸರ್ ಮಿಂಚನ್ನು ಲೆನ್ಸಿನಿಂದ ಒಂದು ಚುಕ್ಕೆಗೆ ಇಳಿಸಿ ಲೋಹದ ಆಕ್ಸೈಡಿನ ಬಿಲ್ಲೆಯ ಮೇಲೆ ಬಿಟ್ಟರೆ, ಆ ಚುಕ್ಕೆಯ ಜಾಗ ಕರಗಿ, ಕುದಿದು, ಹನಿಹನಿಯಾಗಿ ಸಿಡಿಯುತ್ತದೆ. ಇದಕ್ಕೆ ಲೇಸರ್ ಅಬ್ಲೇಶನ್ ಎನ್ನುತ್ತಾರೆ. ಸಿಡಿದ ಹನಿ ಗಾಳಿಯಲ್ಲಿ ಹಾರುವಾಗಲೇ ತಣ್ಣಗಾಗಿ ಗಟ್ಟಿಯಾಗುತ್ತದೆ. ಗುಂಡಗಾಗುವುದು ಏಕೆ? ಕೆಸುವಿನ ಎಲೆಯ ಮೇಲೆ ಮಳೆಹನಿ ಗುಂಡಗಾಗುವುದು ಏಕೋ ಅದಕ್ಕೇ. ದ್ರವದ ಮೇಲ್ಮೈ ತನ್ನನ್ನು ಆದಷ್ಟು ಕಿರಿದಾಗಿಸಿಕೊಳ್ಳಲು ಎಳೆಯುತ್ತದೆ. ಒಂದೇ ಗಾತ್ರಕ್ಕೆ ಅತಿ ಕಡಿಮೆ ಮೇಲ್ಮೈ ಇರುವ ಆಕಾರ ಗೋಳ.

ಇದರ ಒರಟು ರೂಪ ನಮ್ಮೂರಿನ ವೆಲ್ಡಿಂಗ್ ಅಂಗಡಿಯಲ್ಲೇ ಇದೆ. ಕೆಲಸ ಮುಗಿದ ಮೇಲೆ ನೆಲದ ದೂಳಿನಲ್ಲಿ ಕಾಗದ ಸುತ್ತಿದ ಅಯಸ್ಕಾಂತ ಆಡಿಸಿ, ಅಂಟಿದ್ದನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿ. ಕಪ್ಪು ಗುಂಡುಗಳು ಕಾಣುತ್ತವೆ. ಕಿಡಿಯಾಗಿ ಹಾರಿದ ಕಬ್ಬಿಣ ಗಾಳಿಯ ಆಮ್ಲಜನಕ ಕುಡಿದು ಆಕ್ಸೈಡ್ ಹೊದ್ದು ಗಟ್ಟಿಯಾದವು ಅವು. ಮನೆಯ ತಾರಸಿಯ ದೂಳಿನಲ್ಲಿ ಸಿಗುವ ಇಂಥ ಗುಂಡುಗಳೆಲ್ಲ ಆಕಾಶದಿಂದ ಬಿದ್ದ ಉಲ್ಕೆ ಎಂದು ಹೇಳುವ ವಿಡಿಯೋಗಳನ್ನು ಪೂರ್ತಿ ನಂಬಬೇಡಿ. ಉಲ್ಕೆಯ ಕಣಗಳೂ ಬೀಳುವುದು ನಿಜ, ಆದರೆ ಸಿಗುವುದರಲ್ಲಿ ಬಹುಪಾಲು ಮನುಷ್ಯನ ಕಿಡಿಗಳೇ. ವೆಲ್ಡಿಂಗ್ ನಡೆಯುವಾಗ ಮಾತ್ರ ಹತ್ತಿರ ಹೋಗಬೇಡಿ, ಆ ಬೆಳಕನ್ನಾಗಲಿ ಲೇಸರನ್ನಾಗಲಿ ಬರಿಗಣ್ಣಿನಿಂದ ನೋಡಬೇಡಿ.

ಪ್ರಯೋಗಾಲಯದಲ್ಲಿ ಈ ಗುಂಡು ಏಕೆ ಬೇಕು? ಇಲ್ಲಿ ಗೋಳಗುಮ್ಮಟ ಮರಳಿ ಬರುತ್ತದೆ. ಜಪಾನಿನ ಕ್ಯೂಶು ವಿಶ್ವವಿದ್ಯಾಲಯದವರು 2012ರ ಸುಮಾರಿಗೆ ಹೀಗೆ ಲೇಸರ್ ಹೊಡೆದು ಸತುವಿನ ಆಕ್ಸೈಡಿನ ನುಣುಪು ಗುಂಡುಗಳನ್ನು ಮಾಡಿದರು. ಅದರೊಳಗೆ ಹೊಕ್ಕ ಬೆಳಕು ಒಳಗೋಡೆಗೆ ತಾಗಿ ತಾಗಿ ಸುತ್ತುತ್ತದೆ, ಗುಮ್ಮಟದ ಗೋಡೆ ಹಿಡಿದು ಪಿಸುಮಾತು ಸುತ್ತಿದ ಹಾಗೆ. ಒಂದು ಸುತ್ತಿನ ಉದ್ದಕ್ಕೆ ಸರಿಯಾಗಿ ಇಷ್ಟೇ ಅಲೆಗಳು ಹಿಡಿಸಿದರೆ ಆ ಬಣ್ಣ ಮಾತ್ರ ಬಲಗೊಳ್ಳುತ್ತದೆ. ಅತಿನೇರಳೆ ಲೇಸರಿನಿಂದ ಶಕ್ತಿ ತುಂಬಿದಾಗ ಆ ಗುಂಡೇ ಒಂದು ಪುಟ್ಟ ಲೇಸರ್ ಆಯಿತು. ಹತ್ತು ಮೈಕ್ರೋಮೀಟರಿನ ಗುಂಡು ಗೋಳಗುಮ್ಮಟಕ್ಕಿಂತ ಸುಮಾರು 38 ಲಕ್ಷ ಪಟ್ಟು ಚಿಕ್ಕದು; ಲೆಕ್ಕದ ತಿರುಳು ಒಂದೇ. ಇದಕ್ಕೆ ವಿಜ್ಞಾನಿಗಳು ಇಟ್ಟ ಹೆಸರೂ ಪಿಸುಗುಟ್ಟುವ ಮೊಗಸಾಲೆ ಎಂದೇ.

ಗುಂಡು ತಯಾರಾಯಿತು, ಅದು ಯಾವ ಆಕ್ಸೈಡ್ ಎಂದು ತಿಳಿಯುವುದು ಹೇಗೆ? ರಾಮನ್ ಗೆರೆಗಳನ್ನು ನೋಡಿ. ನಮ್ಮ ಕೆಮ್ಮಣ್ಣಿನ ಹೆಮಟೈಟ್ ಮತ್ತು ಅಯಸ್ಕಾಂತಕ್ಕೆ ಅಂಟುವ ಮ್ಯಾಗ್ನೆಟೈಟ್ ಎರಡೂ ಕಬ್ಬಿಣದ ಆಕ್ಸೈಡ್. ಬೆರಳಚ್ಚು ಬೇರೆ ಬೇರೆ. ಆದರೆ ನೋಡುವ ಲೇಸರ್ ಜೋರಾದರೆ ಅದರ ಕಾವಿಗೆ ಮ್ಯಾಗ್ನೆಟೈಟ್ ಹೆಮಟೈಟ್ ಆಗಿಬಿಡುತ್ತದೆ. ಅಳೆಯಲು ಹೋಗಿ ವಸ್ತುವನ್ನೇ ಬದಲಿಸಿದಂತಾಗುತ್ತದೆ. ಅದಕ್ಕೇ ಬಲ್ಲವರು ಬೆಳಕನ್ನು ತಗ್ಗಿಸಿಟ್ಟು, ತಾಳ್ಮೆಯಿಂದ ನೋಡುತ್ತಾರೆ.

ಮುಂದಿನ ಫೆಬ್ರುವರಿಗೆ

ನಮ್ಮ ಕೋರಿಕೆ ಇಷ್ಟೆ. ಮುಂದಿನ ವಿಜ್ಞಾನ ದಿನದಂದು ಫೋಟೋಗೆ ಹಾರ ಹಾಕಿದ ಮೇಲೆ ಮಕ್ಕಳಿಗೆ ಕೆರೆಯ ನೀರು ತುಂಬಿದ ಒಂದು ಗಾಜಿನ ಲೋಟ, ಒಂದು ಟಾರ್ಚು, ಒಂದು ಅಯಸ್ಕಾಂತ ಕೊಡಿ. ಕತ್ತಲೆ ಕೋಣೆಯಲ್ಲಿ ಲೋಟದ ಪಕ್ಕದಿಂದ ಬೆಳಕು ಬಿಟ್ಟು ಅದು ಎಲ್ಲಿ ಚದುರುತ್ತದೆ ಎಂದು ನೋಡಲಿ. ತಿಳಿನೀರಿಗೂ ಕದಡಿದ ನೀರಿಗೂ ವ್ಯತ್ಯಾಸ ಬರೆಯಲಿ. ಉತ್ತರ ತಪ್ಪಾದರೂ ಚಿಂತೆಯಿಲ್ಲ. ಸಮುದ್ರದ ನೀಲಿಯ ಲೆಕ್ಕದಲ್ಲಿ ರಾಮನ್ ಅವರಿಗೂ ಅರ್ಧ ತಪ್ಪಿತ್ತು. ಅವರು ಹೇಳಿದ್ದಾರೆ ಎಂದು ಒಪ್ಪಿಕೊಳ್ಳದೆ, ಜೇಬಿನಿಂದ ಪಟ್ಟಕ ತೆಗೆದು ತಾವೇ ನೋಡಿದರಲ್ಲ, ಆ ದಿನಕ್ಕೆ ನೆನೆಯಬೇಕಾದ್ದು ಅದು.